ತೂಗದೆ ಉಳಿದ ಮೂರು ಬಾಟಲಿ

ಬೆಳಿಗ್ಗೆ ಐದೂಮುಕ್ಕಾಲು. ನದಿಯೊಳಕ್ಕೆ ಏರಿ ಬಂದಿದ್ದ ಸಮುದ್ರದ ನೀರು ಇನ್ನೇನು ಹಿಂದಿರುಗಬೇಕು. ಕಬ್ಬಿಣದ ಕಂಬದ ತುದಿಗೆ ಬಿಗಿದ ತಂಬಿಗೆ ಗಾತ್ರದ ಉಪಕರಣವನ್ನು, ನದಿಯ ಮಣ್ಣು ಅಳೆಯುವ ಕೆಲಸದ ಅವರು ದೋಣಿಯ ಪಕ್ಕದಿಂದ ಮೆಲ್ಲಗೆ ನೀರಿಗಿಳಿಸುತ್ತಾರೆ. ಆಮೇಲೆ ಇಂಜಿನ್ ಆರಿಸುತ್ತಾರೆ. ಸದ್ದು ನಿಂತದ್ದು ಕೇಳಿಸಿದರೂ ಅದರ ಮೇಲೆ ಅಂಗೈಯಿಟ್ಟು ನೋಡುತ್ತಾರೆ, ಎರಡೆರಡು ಸಲ.

"ಚಟ ಅಂದ್ಕೊಳ್ಳಿ ಸಾರ್," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನ್ನತ್ತ ನೋಡದೆ.

ಉಪಕರಣ ನೀರಿನೊಳಕ್ಕೆ ಶಬ್ದ ಕಳಿಸುತ್ತದೆ, ನಮ್ಮ ಕಿವಿಗೆ ಕೇಳಿಸದಂಥದ್ದು. ನೀರಲ್ಲಿ ಸಾಗುವ ಮಣ್ಣಿನ ಕಣಗಳಿಗೆ ತಾಗಿ ಅದು ಮರಳುತ್ತದೆ. ಜೋರಾಗಿ ಮರಳಿದರೆ ಮಣ್ಣು ಹೆಚ್ಚು, ಮೆಲ್ಲಗಾದರೆ ಕಡಿಮೆ. ಆದರೆ ಎಷ್ಟು ಸದ್ದಿಗೆ ಎಷ್ಟು ಮಣ್ಣು ಎಂಬುದನ್ನು ಯಂತ್ರ ತಾನಾಗಿ ಅರಿಯದು. ಅದೇ ಹೊತ್ತಿನಲ್ಲಿ ಅದೇ ನೀರನ್ನು ಬಾಟಲಿಗೆ ಹಿಡಿದು, ಸೋಸಿ, ಒಣಗಿಸಿ, ಮಣ್ಣನ್ನು ತೂಗಬೇಕು. ಬಾಟಲಿಗೆ ಹಿಡಿಯುವುದು ಇವರ ಕೆಲಸ. ಗಂಟೆಗೆ ಮೂರು, ಒಂದು ಉಬ್ಬರವಿಳಿತಕ್ಕೆ ಮೂವತ್ತೊಂಬತ್ತು. ಇಪ್ಪತ್ತೆರಡು ವರ್ಷಗಳಿಂದ ಇದೇ. ದಡದವರು ಇವರನ್ನು 'ಬಾಟ್ಲಿ ಮಾಮ' ಎನ್ನುತ್ತಾರೆ. ಹೆಂಡದ ವಾಸನೆ ಬಂದರೆ ಮಾರುದೂರ ಸರಿಯುವ ಮನುಷ್ಯನಿಗೆ ಇಂಥ ಹೆಸರು.

"ಯಂತ್ರ ಸುಳ್ಳು ಹೇಳಲ್ಲ. ಆದ್ರೆ ಗಾಳಿ ಯಾವ್ದು, ಮಣ್ಣು ಯಾವ್ದು ಅಂತ ಅದಕ್ಕೆ ಗೊತ್ತಾಗಲ್ಲ. ಇಂಜಿನ್ ಓಡ್ತಿದ್ರೆ ನೀರಲ್ಲಿ ಗುಳ್ಳೆ ಏಳ್ತವೆ. ಗುಳ್ಳೆಗೆ ತಾಗಿ ಬಂದ ಸದ್ದನ್ನೂ ಅದು ಮಣ್ಣು ಅಂತ್ಲೇ ಬರ್ಕೊಳ್ಳುತ್ತೆ."

ಆರು ವರ್ಷದ ಹಿಂದೆ ಆದದ್ದು ಅದೇ. ಇಳಿತ ಅತಿ ಜೋರಾಗಿದ್ದ ಗಂಟೆ. ನದಿ ಹೆಚ್ಚು ಮಣ್ಣು ಹೊರುವುದೂ ಆಗಲೇ. ಲಂಗರು ಹಿಡಿಯಲಿಲ್ಲ, ದೋಣಿ ಸೇತುವೆಯ ಕಂಬದತ್ತ ಜಾರುತ್ತಿತ್ತು. ಇವರು ಇಂಜಿನ್ ಓಡುತ್ತಿರುವಂತೆಯೇ ಅಳತೆ ಮುಗಿಸಿದರು. ಬಾಟಲಿಗಳ ಚೀಟಿಯ ಮೇಲೆ ಅದನ್ನು ಪೆನ್ಸಿಲಿನಲ್ಲಿ ಬರೆದರು. ಆದರೆ ಕೈ ಒದ್ದೆಯಾಗಿತ್ತು. ದಿನದ ಪುಸ್ತಕದಲ್ಲಿ ದಡಕ್ಕೆ ಹೋಗಿ ಬರೆದರಾಯಿತು ಎಂದುಕೊಂಡರು. ಮರೆತರು.

ಆ ಸಲ ಪ್ರಯೋಗಾಲಯದಲ್ಲಿ ಬಾಟಲಿ ತೂಗಲೇ ಇಲ್ಲ. ಸದ್ದನ್ನು ಮಣ್ಣಿನ ತೂಕಕ್ಕೆ ಬದಲಿಸುವ ಹಳೆಯ ಸೂತ್ರವಿದೆ, ಯಂತ್ರದ ಅಂಕಿ ಸಾಕು ಎಂದರಂತೆ ಸಾಹೇಬರು. ಗುಳ್ಳೆಯೆಲ್ಲ ಮಣ್ಣಾಯಿತು. ನದಿ ಬೇಕಾದಷ್ಟು ಮಣ್ಣು ತರುತ್ತಿದೆ, ದಡ ತಾನಾಗಿ ತುಂಬಿಕೊಳ್ಳುತ್ತದೆ, ಕಲ್ಲಿನ ತಡೆಗೋಡೆ ಅನಗತ್ಯ ಎಂದು ವರದಿ ಬಂತು.

ಆ ದಡದ ಮೇಲೆಯೇ ಇವರ ಅಕ್ಕನ ಮನೆ. ತಾಯಿ ಹೋದ ಮೇಲೆ ಇವರನ್ನು ಸಾಕಿದವರು ಆಕೆ. ಆಗ ಸಾಲಿನಲ್ಲಿ ಹನ್ನೊಂದು ಮನೆಗಳಿದ್ದವು, ಈಗ ನಾಲ್ಕು. ಅಡುಗೆಮನೆಯ ಹಿಂಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದಾರೆ, ಹೊಸ್ತಿಲಾಚೆ ನೆಲವಿಲ್ಲ. ಪಾತ್ರೆ ತೊಳೆದ ನೀರನ್ನು ಆಕೆ ಕಿಟಕಿಯಿಂದ ಚೆಲ್ಲುತ್ತಾರೆ, ಅದು ನೇರ ನದಿಗೆ ಬೀಳುತ್ತದೆ.

"ಮೋರಿ ಕಟ್ಟಿಕೊಳ್ಳೋ ಖರ್ಚು ಉಳೀತು," ಎಂದು ಅಕ್ಕ ನಗುತ್ತಾರೆ. ಆಮೇಲೆ ತಮ್ಮನು ಅಂಗಳಕ್ಕೆ ಹೋದದ್ದು ನೋಡಿ ದನಿ ತಗ್ಗಿಸುತ್ತಾರೆ. "ತಪ್ಪು ಮಾಡ್ದೋನು ವರದಿ ಬಂದ ದಿನಾನೇ ಬಂದು ನನ್ನ ಕಾಲ ಹತ್ರ ಕೂತು ಹೇಳ್ದ. ಸಹಿ ಹಾಕ್ದೋರು ಒಬ್ರೂ ಈ ಕಡೆ ತಲೆ ಹಾಕಿಲ್ಲ. ಇವ್ನು ನನ್ನ ಮನೇಲಿ ಈಗ ಒಂದು ತುತ್ತು ತಿನ್ನಲ್ಲ. ನೀವಾದ್ರೂ ಹೇಳಿ."

ಇವರು ಕಚೇರಿಗೆ ನಾಲ್ಕು ಸಲ ಅಲೆದಿದ್ದಾರೆ. ಕಡತ ಮುಗಿದಿದೆ ಎಂದರು. ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಯಾವ ವಿಭಾಗಕ್ಕೆ ಸೇರಿಸಬೇಕೋ ತಿಳಿಯದೆ ಹಿಂದಕ್ಕೆ ಕೊಟ್ಟರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಇಲ್ಲಿ ಹಾಕುವವರೂ ಇಲ್ಲ. ಮುಂದಿನ ತಿಂಗಳಿಂದ ಬಾಟಲಿ ಹಿಡಿಯುವುದನ್ನೇ ನಿಲ್ಲಿಸುತ್ತಾರಂತೆ. ಯಂತ್ರ ಒಂದೇ ಸಾಕಂತೆ. ಕೇಳಿ ನನಗೆ ಮೈ ಉರಿಯಿತು. ಅವರಿಗೆ ಉರಿಯಲೂ ಏನೂ ಉಳಿದಂತಿಲ್ಲ.

ಬಾಟಲಿ ಇಡುವ ಉಗ್ರಾಣದಲ್ಲಿ ಇವರು ಮೇಲಿನ ಕಪಾಟಿನಿಂದ ಮೂರು ಬಾಟಲಿ ಇಳಿಸಿ ಮೇಜಿನ ಮೇಲಿಡುತ್ತಾರೆ. ಆ ಗಂಟೆಯವೇ. ನೀರು ತಿಳಿಯಾಗಿದೆ. ತಳದಲ್ಲಿ ಮಣ್ಣು ಉಗುರಿನಷ್ಟೂ ದಪ್ಪವಿಲ್ಲ.

"ಅವತ್ತೇ ತೂಗಿದ್ರೆ ನದೀಲಿ ಮಣ್ಣಿಲ್ಲ ಅಂತ ಗೊತ್ತಾಗ್ತಿತ್ತು."

ಈಗ ತೂಗಿದರೆ ಗೋಡೆ ಕಟ್ಟುತ್ತಾರೆಯೇ ಎಂದು ಕೇಳಿದೆ.

"ಇಲ್ಲ. ಅಕ್ಕನ ಮನೆ ಈ ಮಳೆಗಾಲ ದಾಟಲ್ಲ. ಆದ್ರೂ ಒಂದ್ಸಲ ತೂಗ್ಲಿ."

ಪತ್ರಿಕೆಗೆ ಹೆಸರು ಕೇಳಿದೆ. ತಲೆಯಲ್ಲಾಡಿಸಿದರು. ಒಂದು ಬಾಟಲಿಯನ್ನು ಅಲುಗದಂತೆ ನನ್ನತ್ತ ತಿರುಗಿಸಿ, "ಹೆಸ್ರು ಬೇಡ ಸಾರ್. ಇದನ್ನ ಹಾಕಿ. ಪುಸ್ತಕದಲ್ಲಿ ಬರೀಲಿಲ್ಲ, ಎಲ್ಲಾದ್ರೂ ಒಂದು ಕಡೆ ಅಚ್ಚಾಗ್ಲಿ," ಎಂದರು.

ಚೀಟಿಯ ಮೇಲೆ ಮಾಸಿದ ಪೆನ್ಸಿಲ್ ಅಕ್ಷರ: ಏಪ್ರಿಲ್ ಹದಿನೇಳು, ಬೆಳಿಗ್ಗೆ ಎಂಟು ಹತ್ತು, ಇಳಿತ. ಇಂಜಿನ್ ಓಡುತ್ತಿತ್ತು.