ವೈನಿಯ ಕುರ್ಚಿ

ಸುರಪುರದ ಕಾಲೇಜೊಂದರಲ್ಲಿ ನಾನು ಇತಿಹಾಸ ಹೇಳುತ್ತೇನೆ. ಬ್ರಿಟನ್ನಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕ ಪಾಠವೆಂದರೆ ನನಗೆ ಹುರುಪು. ಒಬ್ಬ ಪ್ರಧಾನಿ ವರ್ಷಗಟ್ಟಲೆ ಅಡ್ಡ ನಿಂತದ್ದು, ಮಹಾಯುದ್ಧದ ಹೊತ್ತಿಗೆ ಮನಸ್ಸು ಬದಲಿಸಿದ್ದು. ಅವನ ನಂತರ ಬಂದವನ ಕಾಲದಲ್ಲಿ ಕಾಯ್ದೆಯಾದರೂ ಮೂವತ್ತು ದಾಟಿದವರಿಗಷ್ಟೇ ಹಕ್ಕು ಸಿಕ್ಕಿದ್ದು, ಗಂಡಸರ ಸಮಕ್ಕೆ ಬರಲು ಮತ್ತೆ ಹತ್ತು ವರ್ಷ ಹಿಡಿದದ್ದು. ಹೋದ ವರ್ಷ ಪಾಠ ಮುಗಿದಾಗ ಒಬ್ಬ ಹುಡುಗಿ, "ನಮ್ಮ ಕಡಿ ಹೆಣ್ಣಮಕ್ಕಳು ಸಭಾ ನಡಸೂದು ಒಮ್ಮಿ ನೋಡಬೇಕ್ರಿ ಮೇಡಂ" ಎಂದಳು. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಹುಣಸಗಿ ಕಡೆಯ ನನ್ನ ತವರೂರಿನ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಹೆಮ್ಮೆಯಿಂದಲೇ ಹುಡುಗಿಯರನ್ನು ಬಸ್ಸು ಹತ್ತಿಸಿದೆ.

ನಾವು ಹೋಗುವಷ್ಟರಲ್ಲಿ ಸಭೆ ಶುರುವಾಗಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ವೈನಿ ಸೆರಗು ಹೊದ್ದು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದಳು.

"ಅಧ್ಯಕ್ಷರು ಯಾರ್ರಿ?" ಅದೇ ಹುಡುಗಿ ಕೇಳಿದಳು.

"ನಾನೇ ಅಂತ ತಿಳೀರಿ," ಅಣ್ಣ ನಕ್ಕ. "ಸಹಿ ಆಕಿ ಮಾಡ್ತಾಳ."

ಸದಸ್ಯರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಹುಡುಗಿಯರ ಮುಖ ನೋಡಲಾಗಲಿಲ್ಲ.

"ಅಣ್ಣಾ, ಏಳು. ವೈನಿ ಕೂಡ್ಲಿ," ಎಂದೆ.

ನಗು ನಿಂತಿತು. ಅಣ್ಣ ನನ್ನನ್ನೊಮ್ಮೆ ದಿಟ್ಟಿಸಿ, ಎದ್ದು ಹೊರಗೆ ಹೋದ. ಎಲ್ಲರ ಕಣ್ಣು ವೈನಿಯ ಮೇಲೆ ಬಿದ್ದಿತು. ಆಕೆ ಏಳಲಿಲ್ಲ. ಪಂಚಾಯಿತಿ ಅಧಿಕಾರಿ ಸಭೆ ಮುಂದೂಡಿದರು.

ಮನೆಯಲ್ಲಿ ವೈನಿ ಹುಡುಗಿಯರಿಗೆಲ್ಲ ಮಂಡಕ್ಕಿಯ ಸುಸಲಾ ಕೊಟ್ಟು, ನನ್ನನ್ನು ಒಳಗೆ ಕರೆದಳು.

"ನಿಮ್ಮಣ್ಣ ನನ್ನ ಕೇಳದ ಕುಂತ್ರು. ನೀನೂ ನನ್ನ ಕೇಳದ ಕೂಡ್ಸಾಕ ಹೋದಿ. ಇವತ್ತ ಕುಡಿಯೋ ನೀರಿನ ಮಾತು ಎತ್ತಬೇಕಂತ ನಾ ಎದಿ ಗಟ್ಟಿ ಮಾಡ್ಕೊಂಡು ಬಂದಿದ್ದೆ. ನೀ ಹುಡುಗ್ಯಾರ ಮುಂದ ನನ್ನನ್ನ ಒಂದು ಪಾಠ ಮಾಡಿಟ್ಟಿ."

ಅಣ್ಣನ ಸಲುವಾಗಿ ನಾಚಿಕೊಂಡಿದ್ದ ನಾನು ಈಗ ನನಗಾಗಿಯೇ ತಲೆ ತಗ್ಗಿಸಿದೆ.

"ತಪ್ಪಾತು ವೈನಿ. ಈಗ ಏನ್ ಮಾಡ್ಲಿ?"

"ಮುಂದಿನ ಸಭಾಕ್ಕ ಬರಬ್ಯಾಡ. ಅಷ್ಟ ಸಾಕು."

ನಾನು ಹೋಗಲಿಲ್ಲ. ಆ ಸಭೆಯ ಸಂಜೆ ಅಣ್ಣನ ಫೋನು ಬಂತು. ವೈನಿ ಬಾಗಿಲ ಪಕ್ಕದಲ್ಲೇ ಎದ್ದು ನಿಂತು ನೀರಿನ ಮಾತು ಎತ್ತಿದಳಂತೆ. ಮುಗಿಯುವವರೆಗೂ ಯಾರೂ ನಡುವೆ ಬಾಯಿ ಹಾಕಲಿಲ್ಲವಂತೆ.

"ಇಷ್ಟೆಲ್ಲಾ ಆಕಿಗೆ ಗೊತ್ತದ ಅಂತ ನನಗ ತಿಳಿದಿದ್ದಿಲ್ಲ," ಎಂದ. ಅವನ ದನಿ ಸಣ್ಣಗಾಗಿತ್ತು.

"ನನಗೂ ತಿಳಿದಿದ್ದಿಲ್ಲ," ಎಂದೆ.