ಕಾಶಿವಾದಲ್ಲಿ ಇಳಿಸಿದ ಶ್ರುತಿ

ಭಾನುವಾರ ಬೆಳಿಗ್ಗೆ ಪಿಟೀಲಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಜಪಾನಿನ ಎಡೋಗಾವಾದ ಮನೆಯಿಂದ ಹೊರಟೆ. ಕೊರೊನಾ ಶುರುವಾದ ಮೇಲೆ ನಾನು ಅಷ್ಟು ದೂರ ಹೋದದ್ದೇ ಇರಲಿಲ್ಲ. "ಇನ್ನೊಂದು ಮಾಸ್ಕ್ ಇಟ್ಕೊ. ಚೆನ್ನಾಗಿ ನುಡಿಸಿ ಬಾ," ಎಂದು ಗಂಡ ಬಾಗಿಲಲ್ಲೇ ನಿಂತು ಕಳಿಸಿಕೊಟ್ಟರು.

ಹೋಗಬೇಕಿದ್ದದ್ದು ಕಾಶಿವಾಕ್ಕೆ. ಅಲ್ಲಿನ ಒಂದು ಸಣ್ಣ ಕ್ಲಬ್ಬಿನಲ್ಲಿ ಕಿಮುರಾ-ಸಾನ್ ಮತ್ತು ನಾನು ಎರಡು ವರ್ಷಗಳ ನಂತರ ಮತ್ತೆ ಜೊತೆಯಾಗುವವರಿದ್ದೆವು. ಅವರು ನನ್ನ ಹಳೆಯ ಆಫೀಸಿನ ಸಹೋದ್ಯೋಗಿ. ಗಿಟಾರ್ ನುಡಿಸುತ್ತ ಅಮೆರಿಕದ ಹಳ್ಳಿಗಾಡಿನ ಹಾಡುಗಳನ್ನು ಹಾಡುತ್ತಾರೆ. ಮೈಸೂರಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತ ನನಗೆ ಕಂಟ್ರಿ, ಬ್ಲೂಗ್ರಾಸ್‌ಗಳ ರುಚಿ ಹತ್ತಿಸಿದವರು ಅವರೇ.

ಓತೆಮಾಚಿಯಲ್ಲಿ ರೈಲು ಬದಲಿಸಿದೆ. ಗಾಳಿಯಾಡಲೆಂದು ಬೋಗಿಯ ಕಿಟಕಿಗಳನ್ನು ತೆರೆದಿಟ್ಟಿದ್ದರು. ಚಳಿಗೆ ಕಿವಿ ಮರಗಟ್ಟಿತು. ಕಾಶಿವಾದಲ್ಲಿ ಇಳಿದು, ಕೊಂಬಿನಿ ಅಂಗಡಿಯಲ್ಲಿ ಹುಳಿ ಉಪ್ಪಿನಕಾಯಿ ತುಂಬಿದ ಅನ್ನದುಂಡೆ ಕೊಂಡು ತಿಂದೆ.

ಕ್ಲಬ್ಬಿನಲ್ಲಿ ವೇದಿಕೆಯ ಮುಂದೆ ಪ್ಲಾಸ್ಟಿಕ್ ಪರದೆ, ಕುರ್ಚಿಗಳ ನಡುವೆ ಅಂತರ. ಕಿಮುರಾ-ಸಾನ್ ಬಹಳ ಇಳಿದುಹೋಗಿದ್ದರು. ಜಪಾನಿ, ಇಂಗ್ಲಿಷ್ ಬೆರೆತ ನಮ್ಮ ಎಂದಿನ ಮಾತಿನಲ್ಲಿ, "ರೇಖಾ-ಸಾನ್, ಇವತ್ತು ಬರೀ ವಾದ್ಯ ನುಡಿಸೋಣ. ಕೊರೊನಾ ಬಂದು ಹೋದ್ಮೇಲೆ ದನಿ ಏರ್ತಿಲ್ಲ. ಸುಮಿಮಾಸೆನ್, ಕ್ಷಮಿಸಿ," ಎಂದರು.

"ಒಂದ್ಸಲ ಹಾಡಿ, ನೋಡೋಣ."

ಮೊದಲ ಸಾಲಿನ ಕೊನೆಯಲ್ಲೇ ದನಿ ಒಡೆಯಿತು. ಅವರು ಗಿಟಾರ್ ಕೆಳಗಿಟ್ಟರು.

"ಶ್ರುತಿ ಇಳಿಸೋಣ," ಎಂದೆ.

"ಬೇಡ. ಜನ ನನ್ನ ಹಳೇ ದನಿ ಕೇಳೋಕೆ ಬರ್ತಾರೆ."

"ನಮ್ಮೂರಲ್ಲಿ ಹಾಡೋವ್ರ ಕಂಠ ನೋಡ್ಕೊಂಡೇ ಶ್ರುತಿ ಇಡ್ತೀವಿ. ಅದರಲ್ಲಿ ನಾಚಿಕೆ ಏನಿದೆ? ನೀವು ಹಾಡಿ, ಎಲ್ಲಿ ನಿಂತ್ರೂ ನಾನಿದ್ದೀನಿ."

ಅವರು ಗಿಟಾರನ್ನು ಮತ್ತೆ ಎತ್ತಿಕೊಂಡರು. ಆಮೇಲೆ ಶ್ರುತಿ ಏರಿಸಲು ತಂತಿಗಳ ಮೇಲೆ ಹಾಕಿದ್ದ ಕ್ಲಿಪ್ಪನ್ನು ತೆಗೆದು ಜೇಬಿಗಿಳಿಸಿದರು.

ಮಧ್ಯಾಹ್ನ ಕಾರ್ಯಕ್ರಮ ಶುರುವಾಯಿತು. ಎರಡು ಚುರುಕು ಮಟ್ಟುಗಳನ್ನು ನುಡಿಸಿ, ಅವರ ದನಿ ಒಡೆದಿದ್ದ ಆ ಹಾಡನ್ನು ಎತ್ತಿಕೊಂಡೆವು. ತಗ್ಗಿನಲ್ಲಿ ಅವರ ದನಿಗೆ ನಾನು ಹಿಂದೆ ಕೇಳದಿದ್ದ ಒಂದು ಗಾಂಭೀರ್ಯವಿತ್ತು. ಉಸಿರು ಸಾಲದೆ ಅವರು ನಿಂತ ಕಡೆಯಲ್ಲೆಲ್ಲ ಸಾಲನ್ನು ಪಿಟೀಲಿನಲ್ಲಿ ಮುಂದುವರಿಸಿದೆ; ಅವರು ಉಸಿರೆಳೆದುಕೊಂಡು ಮತ್ತೆ ಬಂದು ಸೇರಿದರು. ಕೊರೊನಾ ನಿಯಮದಿಂದಾಗಿ ಕೇಳುವವರು ಕೂಗಿ ಮೆಚ್ಚುವಂತಿರಲಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಅದು ನಿಲ್ಲಲೇ ಇಲ್ಲ. ಅದೇ ಹಾಡನ್ನು ಇನ್ನೊಮ್ಮೆ ಹಾಡಬೇಕಾಯಿತು.

ಸಂಜೆ ಅವರು ನಿಲ್ದಾಣದವರೆಗೂ ಜೊತೆಗೆ ಬಂದರು. "ಮುಂದಿನ ತಿಂಗಳೂ ಬರ್ತೀರಾ?"

"ಬರ್ದೇ ಇರ್ತೀನಾ!"

ಗೇಟು ದಾಟಿ ತಿರುಗಿ ನೋಡಿದೆ. ನಾನು ಹೋದೆನೆಂದುಕೊಂಡು ಕಿಮುರಾ-ಸಾನ್ ಕಂಬಕ್ಕೆ ಒರಗಿ ನಿಂತಿದ್ದರು. ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ಹಾಡಿಕೊಳ್ಳುತ್ತಿದ್ದರು. ಮಾಸ್ಕು ಉಬ್ಬುತ್ತಿತ್ತು, ತಗ್ಗುತ್ತಿತ್ತು.