ಅಪ್ಪನ ಹೆಣ್ಣುದನಿ

ಇದನ್ನು ನೀವು ನಂಬುವುದಿಲ್ಲ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುವ ಗೆಳತಿಯೇ ನಂಬಲಿಲ್ಲ. ಅವಳಾದರೋ ನಾನು ಹೇಳಿದ್ದನ್ನೆಲ್ಲ ನಂಬುವವಳು; ನಮ್ಮ ಮನೆಯ ಬೆಕ್ಕು ಮರಾಠಿಯಲ್ಲಿ ಕರೆದರೆ ಮಾತ್ರ ಬರುತ್ತದೆ ಎಂದಾಗಲೂ ತಲೆ ಆಡಿಸಿದ್ದಳು. ಆದರೂ ಹೇಳುತ್ತೇನೆ. ಚಿಕ್ಕೋಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ, ಯೂರಿಯಾ ಚೀಲವನ್ನು ಒಂದೇ ಕೈಯಲ್ಲಿ ಎತ್ತುವ, ಮೀಸೆಯ ಒಂದು ತುದಿ ಚಿಕ್ಕೋಡಿಯಲ್ಲೂ ಇನ್ನೊಂದು ರಾಯಬಾಗದಲ್ಲೂ ಇರುವ ನಮ್ಮಪ್ಪ ಒಂದು ಕಾಲದಲ್ಲಿ ಹೆಂಗಸಿನ ದನಿಯಲ್ಲಿ ಹಾಡುತ್ತಿದ್ದ.

ಬಚ್ಚಲಮನೆಯಲ್ಲಲ್ಲ, ಬೆಂಜೋ ಪಾರ್ಟಿಯಲ್ಲಿ. ಡಿಜೆ ಬರುವುದಕ್ಕಿಂತ ಮೊದಲು ನಮ್ಮ ಕಡೆಯ ಮದುವೆ ಮೆರವಣಿಗೆಗಳಿಗೆಲ್ಲ ಬೆಂಜೋ ಪಾರ್ಟಿಯೇ ಬೇಕಿತ್ತು. ಟ್ರ್ಯಾಕ್ಟರಿನ ಹಿಂದೆ ಟ್ರ್ಯಾಲಿ, ಟ್ರ್ಯಾಲಿಯ ಮೇಲೆ ಕರೆಂಟಿನ ಬೆಂಜೋ, ಡ್ರಮ್ಮು, ಕರ್ಣ ಅನ್ನುವ ಎರಡು ದೊಡ್ಡ ಲೌಡ್‌ಸ್ಪೀಕರ್, ಒಬ್ಬ ಹಾಡುಗಾರ. ಜೋಡಿ ಹಾಡು ಬಂದರೆ ಗಂಡಿನ ಸಾಲನ್ನೂ ಹೆಣ್ಣಿನ ಸಾಲನ್ನೂ ಅಪ್ಪನೇ ಹಾಡುತ್ತಿದ್ದ. ಆಗ ನಾನು ಹುಟ್ಟಿರಲಿಲ್ಲ, ಆದರೂ ಈ ಭಾಗವನ್ನು ನಾನೇ ಚೆನ್ನಾಗಿ ಹೇಳುತ್ತೇನೆ, ಯಾಕಂದರೆ ಅಲ್ಲಿದ್ದವರಿಗೆ ನೆನಪು ಅಡ್ಡ ಬರುತ್ತದೆ. ಹಿಂದೆ ಇರುವ ಜನಕ್ಕೆ ಹಾಡುವವರು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಯಡೂರಿನ ಒಬ್ಬ ಹಿರಿಯರು ಹಾಡು ಮುಗಿದ ಮೇಲೆ ಟ್ರ್ಯಾಲಿಯ ಹತ್ತಿರ ಬಂದು, "ಆ ಹುಡುಗಿ ಯಾರ ಮನಿಯಾಕಿರಿ? ನಮ್ಮ ಅಣ್ಣನ ಮಗಾ ಒಬ್ಬ ಅದಾನ" ಎಂದು ಕೇಳಿದ್ದರಂತೆ. ಅಪ್ಪ ಬೀಡಿ ಸೇದುತ್ತ, "ಆಕಿ ಲಗ್ನ ಆಗೈತ್ರಿ" ಎಂದನಂತೆ.

ಆಮೇಲೆ ಪಾರ್ಟಿ ಒಡೆಯಿತು. ಕಾಗವಾಡದ ಒಂದು ಮೆರವಣಿಗೆಯಲ್ಲಿ ಅಪ್ಪ ಕಣ್ಣು ಮುಚ್ಚಿ ಹೆಣ್ಣಿನ ಸಾಲನ್ನು ಎತ್ತರಕ್ಕೆ ಒಯ್ದಿದ್ದಾಗ, ಬೆಂಜೋ ನುಡಿಸುತ್ತಿದ್ದ ಜೀವದ ಗೆಳೆಯ ಎಲ್ಲರ ಮುಂದೆ "ಬಸ್! ಬಸ್!" ಎಂದು ಒದರಿದ. ಸಾಕು, ನಿಲ್ಲಿಸು ಅಂತ. ಅಪ್ಪ ಹಾಡನ್ನು ಅರ್ಧಕ್ಕೆ ಬಿಟ್ಟು, ಟ್ರ್ಯಾಲಿಯಿಂದ ಜಿಗಿದು, ಮೈಕನ್ನು ಕೈಯಲ್ಲೇ ಹಿಡಿದುಕೊಂಡು ಊರಿಗೆ ಬಂದ. ಬಸ್ ಅಂದದ್ದಕ್ಕೆ ಬಸ್ಸು ಹತ್ತಿ ಬಂದ ಎಂದು ಅವ್ವ ಈಗಲೂ ಆಡಿಕೊಳ್ಳುತ್ತಾಳೆ. ಆ ಮೈಕಿನಿಂದ ಅವಳು ದಿನಾ ಬೆಳ್ಳುಳ್ಳಿ ಜಜ್ಜುತ್ತಾಳೆ. ಇದು ಸುಳ್ಳು. ಒಂದೇ ಸಲ ಜಜ್ಜಿದ್ದು, ಅದೂ ಲಟ್ಟಣಿಗೆ ಸಿಗದೇ ಇದ್ದಾಗ.

ಈ ವರ್ಷ ಮದುವೆಯ ದಿನಗಳು ಶುರುವಾಗುವ ಹೊತ್ತಿಗೆ ಆ ಬೆಂಜೋ ಕಾಕಾ ನಿಪ್ಪಾಣಿಯಿಂದ ನಮ್ಮ ಮನೆಗೆ ಬಂದರು. ಮರಾಠಿ ಮನೆಮಾತಿನವರು, ಈಗ ಟೇಲರ್. ಮಂದಿಗೆ ಡಿಜೆ ಬೇಸರವಾಗಿದೆ, ಎದೆ ನಡುಗುತ್ತದೆ ಎಂದು ಹಿರಿಯರು ಬಯ್ಯುತ್ತಾರೆ, ಬೆಂಜೋ ಪಾರ್ಟಿ ಮತ್ತೆ ಕಟ್ಟಿದರೆ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಕೊನೆಗೆ ಚಿಕ್ಕೋಡಿ, ಐದೂ ಕಡೆ ಮದುವೆ ಹಿಡಿದಿದ್ದೇನೆ ಎಂದರು. ನಾನು ಬಾಗಿಲ ಹಿಂದೆ ನಿಂತು ಮನಸ್ಸಿನಲ್ಲೇ ಅದಕ್ಕೆ ವರ್ಲ್ಡ್ ಟೂರ್ ಎಂದು ಹೆಸರಿಟ್ಟೆ.

ಅಪ್ಪ ಮುಖ ಎತ್ತಲಿಲ್ಲ. "ಅವತ್ತ ನೀನ ಸಾಕು ಅಂದಿ. ಈಗ ಯಾಕ ಬೇಕಾತು?"

"ನಾ ಯಾವಾಗ ಸಾಕು ಅಂದ್ನೋ?"

"ಕಾಗವಾಡದಾಗ. ಅಷ್ಟ ಮಂದಿ ಮುಂದ. ಬಸ್, ಬಸ್ ಅಂತ ಒದರಿದಿ."

ಕಾಕಾ ಚಹಾದ ಕಪ್ಪು ಕೆಳಗಿಟ್ಟರು. "ಅರೇ ದೇವಾ! ಅದು ಮರಾಠಿ ಬಸ್ಸೋ! ಬಸ್ ಅಂದ್ರ ಕೆಳಗ ಕುಂದ್ರು! ಮುಂದ ಕರೆಂಟಿನ ವಾಯರ್ ಜೋತು ಬಿದ್ದಿತ್ತು, ನೀ ಕಣ್ಣ ಮುಚ್ಚಿ ಆಕಿ ದನಿ ತಗದಿದ್ದಿ. ಕುಂದ್ರು ಅಂದ್ರ ನೀ ಜಿಗದ ಹೋದಿ. ವಾಯರ್ ನನ್ನ ಟೊಪಗಿ ತಗೊಂಡು ಹೋತು!"

ಅವ್ವ ಅಡುಗೆಮನೆಯಿಂದ ಇಣುಕಿ, "ನಿಮಗ ಮರಾಠಿ ಬರ್ತೈತಲ್ರಿ?" ಎಂದಳು.

"ಬರ್ತೈತಿ," ಅಪ್ಪ ಸಣ್ಣ ದನಿಯಲ್ಲಿ ಹೇಳಿದ. "ಆದ್ರ ಅವತ್ತ ಕನ್ನಡ ಹಾಡ ಹಾಡಾಕತ್ತಿದ್ನಿ. ಕಿವಿನೂ ಕನ್ನಡದಾಗ ಇದ್ದೂ."

"ಮರಾಠಿ ಹಾಡ ಇದ್ದಿದ್ರ ಪಾರ್ಟಿ ಉಳೀತಿತ್ತ ಅನ್ನು," ಎಂದರು ಕಾಕಾ. ಇಬ್ಬರೂ ನಗಲು ಹೋಗಿ ಕೆಮ್ಮಿದರು. ಆಯಿ, ಅಂದರೆ ಅಪ್ಪನ ಅವ್ವ, ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದವಳು, "ಇಬ್ಬರೂ ಕತ್ತೆಗೋಳು," ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ತಾಲೀಮು ನಮ್ಮ ಗೊಬ್ಬರದ ಗೋದಾಮಿನಲ್ಲಿ ಶುರುವಾಯಿತು. ಮೂರನೆಯವರು ರಾಯಬಾಗದ ಡ್ರಮ್ ಮಾಮಾ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕುಳಿತು ಬಾರಿಸಿದರೆ ಏಳಲು ಬರುವುದಿಲ್ಲ, ನಿಂತು ಬಾರಿಸಿದರೆ ಕೂರಲು ಬರುವುದಿಲ್ಲ. ಮೊದಲ ದಿನ ಹಾಡಿಗಿಂತ ಮುಲಾಮಿನ ವಾಸನೆಯೇ ಜಾಸ್ತಿ ಇತ್ತು. ಡಿಎಪಿ ಚೀಲದ ಹಿಂದಿದ್ದ ಇಲಿಗಳು ಸಂಸಾರ ಸಮೇತ ಮನೆ ಬದಲಿಸಿದವು. ನಾನೇ ನೋಡಿದ್ದೇನೆ, ಒಂದು ಇಲಿಯ ತಲೆಯ ಮೇಲೆ ಗಂಟಿತ್ತು.

ಗೆಳತಿ ಕಾಲೇಜಿನಲ್ಲಿ ಮೊಬೈಲ್ ತೆಗೆದು ತೋರಿಸಿದಳು. ಪರದೇಶದ ರಾಕ್ ಬ್ಯಾಂಡಿನ ಮುದುಕರು, ಬಿಗಿ ಪ್ಯಾಂಟು, ಉದ್ದ ಕೂದಲು, ಜಗಳವಾಡಿ ಬಿಟ್ಟುಹೋದವರು ಮತ್ತೆ ಒಟ್ಟಾಗಿ ಊರೂರು ಸುತ್ತುತ್ತಿದ್ದಾರಂತೆ. "ಇವರದು ನಿಮ್ಮಪ್ಪಂದು ಒಂದ ಕೇಸ್ ನೋಡಲೇ. ಮಂದಿ ಹಾಡ ಕೇಳಾಕ ಬರಂಗಿಲ್ಲ, ತಮ್ಮ ಹರೇದ ದಿನ ನೆನಸಾಕ ಬರ್ತಾರ," ಎಂದಳು. ನಾನು ಒಪ್ಪಿದೆ. ಒಪ್ಪಿ, ಅದನ್ನೇ ನನ್ನ ಸ್ವಂತ ಮಾತೆಂದು ಆ ದಿನ ನಾಲ್ಕು ಜನರಿಗೆ ಹೇಳಿದೆ.

ಆದರೆ ಗೋದಾಮಿನಲ್ಲಿ ನಗು ಬರದ ಸಂಗತಿ ಒಂದು ನಡೆದಿತ್ತು. ಗಂಡಿನ ಸಾಲು ಸಲೀಸಾಗಿ ಬಂತು. ಹೆಣ್ಣಿನ ಸಾಲಿಗೆ ಅಪ್ಪ ಬಾಯಿ ತೆರೆದರೆ ದನಿ ಅರ್ಧ ಮೆಟ್ಟಿಲು ಹತ್ತಿ ಒಡೆದುಹೋಯಿತು. ಮತ್ತೆ ಹಾಡಿದ, ಮತ್ತೆ ಒಡೆಯಿತು. ಬೆಂಜೋ ಕಾಕಾ ತಂತಿ ಒರೆಸುತ್ತ ಕುಳಿತರು. ಅವತ್ತು ಅಪ್ಪ ಊಟಕ್ಕೆ ಕುಳಿತಾಗ ಅವ್ವನಿಗೆ ಹೇಳಿದ: "ದನಿ ಹೋಗೈತಿ. ಆಕಿ ಇಲ್ಲಂದ್ರ ನಾ ಅಲ್ಲಿ ಯಾತಕ್ಕ? ನನ್ನ ಮೀಸಿ ನೋಡಾಕ ಟ್ರ್ಯಾಲಿ ಹಿಂದ ಯಾರ ಬರ್ತಾರ?" ತನ್ನ ದನಿಯನ್ನೇ ಅವನು ಆಕಿ ಎನ್ನುತ್ತಿದ್ದ, ಮನೆ ಬಿಟ್ಟು ಹೋದ ತಂಗಿಯ ಸುದ್ದಿ ಆಡುವಂತೆ. ನನಗೆ ಒಂದು ಜೋಕೂ ಹೊಳೆಯಲಿಲ್ಲ. ಇದನ್ನೂ ನೀವು ನಂಬುವುದಿಲ್ಲ, ಇರಲಿ.

ನಿಪ್ಪಾಣಿಯಲ್ಲಿ ಅಪ್ಪ ಬರೀ ಗಂಡಿನ ಹಾಡು ಹಾಡಿ ದಾಟಿದ. ಗಂಟಲಿಗೆ ತಂಪು ಹಿಡಿದಿದೆ ಎಂದು ಎಲ್ಲರಿಗೂ ಹೇಳಿದ; ಬಿಸಿಲು ಹೇಗಿತ್ತೆಂದರೆ ಕುದುರೆ ಮದುಮಗನನ್ನು ಇಳಿಸಿ ನೆರಳಿಗೆ ಹೋಗಿ ನಿಂತಿತ್ತು. ರಾಯಬಾಗದಲ್ಲಿ ದಿಗ್ಗೇವಾಡಿಯಿಂದ ಬಂದಿದ್ದ ಒಬ್ಬ ಅಜ್ಜ ಟ್ರ್ಯಾಲಿಯ ಅಂಚು ಹಿಡಿದು ಅತ್ತೇಬಿಟ್ಟ. "ನನ್ನ ಮಗಳ ಲಗ್ನದಾಗ ನೀವ ಬಾರಿಸಿದ್ರಿ," ಎಂದ. ಮೂವರ ಮುಖವೂ ಅರಳಿತು. ಅಜ್ಜ ಕಣ್ಣೊರೆಸಿಕೊಂಡು, "ಆದ್ರ ಆವಾಗಿನಂಗ ಇಲ್ಲ ಬಿಡ್ರಿ," ಎಂದು ಸೇರಿಸಿದ.

ಅಥಣಿಯಲ್ಲಿ ಹುಡುಗರು ಈಗಿನ ಹಾಡು ಬೇಕೆಂದು ಕೂಗಿದರು. ಬೆಂಜೋ ಕಾಕಾ ಒಬ್ಬ ಹುಡುಗನ ಮೊಬೈಲನ್ನು ಕಿವಿಗೆ ಹಿಡಿದು, ಒಂದು ಸಲ ಕೇಳಿ, ಅದನ್ನೇ ನುಡಿಸಿದರು. ಡ್ರಮ್ ಮಾಮಾ ಎಲ್ಲಿಯದೋ ತಾಳ ತಂದು ಅದಕ್ಕೆ ಹಾಕಿದರು. ಎರಡೂ ಕೂಡಲಿಲ್ಲ, ಆದರೆ ಕೂಡದೇ ಇದ್ದದ್ದಕ್ಕೇ ಹುಡುಗರು ಹುಚ್ಚೆದ್ದು ಕುಣಿದರು. ಆ ಹುಡುಗರಿಗೆ ನೆನಸಿಕೊಳ್ಳಲು ಹಳೆಯದು ಏನೂ ಇರಲಿಲ್ಲ. ಗೆಳತಿಯ ಮಾತು, ಅಂದರೆ ನನ್ನ ಮಾತು, ನನಗೆ ಮೊದಲ ಸಲ ಅಲ್ಲಿ ಕೊಂಚ ಚುಚ್ಚಿತು. ಕಾಗವಾಡದಲ್ಲಿ ಆ ವಾಯರ್ ಈಗ ಇಲ್ಲ. ಆದರೂ ಆ ಜಾಗ ಬಂದ ಕೂಡಲೇ ಕಾಕಾ "ಬಸ್!" ಎಂದರು, ಮೂವರೂ ಕುಕ್ಕರುಗಾಲಲ್ಲಿ ಕುಳಿತರು. ಡ್ರಮ್ ಮಾಮಾನನ್ನು ಎಬ್ಬಿಸಲು ನಾಲ್ಕು ಮಂದಿ ಬೀಗರು ಬೇಕಾದರು. ಆದರೆ ಅಲ್ಲಿಯೂ ಅಪ್ಪ ಜೋಡಿ ಹಾಡು ಹಾಡಲಿಲ್ಲ.

ಉಳಿದದ್ದು ಚಿಕ್ಕೋಡಿ. ನಮ್ಮದೇ ಓಣಿ, ಅಂಗಡಿ ಪಕ್ಕದ ಮನೆಯ ಮದುವೆ. ಅಪ್ಪನ ಗಿರಾಕಿಗಳು, ಅವ್ವನ ಬಳಗ, ನನ್ನ ಇಡೀ ಕ್ಲಾಸು. ಬೆಳಿಗ್ಗೆ ಹೊರಡುವಾಗ ಅಪ್ಪ ಅವ್ವನಿಗೆ, "ಇವತ್ತ ಜೋಡಿ ಹಾಡ ಹಾಡ್ತೀನಿ. ಬರಲಿಲ್ಲಂದ್ರ ಇದ ಕಡೀದ," ಎಂದ. ಗೆಳತಿ ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಳು. ದೇವರೇ, ಅದರ ಚಾರ್ಜ್ ಮುಗಿಯಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ.

ಹಾಡು ಸರಳವಾದದ್ದು. ಹುಡುಗ ಹುಡುಗಿಯನ್ನು ಬಾವಿಯ ಹತ್ತಿರ ಬಾ ಎಂದು ಕರೆಯುತ್ತಾನೆ, ಹುಡುಗಿ ನಾಚುತ್ತ ಬರುತ್ತೇನೆ ಎನ್ನುತ್ತಾಳೆ. ಅಪ್ಪ ಹುಡುಗನಾಗಿ ಕರೆದ. ಬೆಂಜೋ ಏರಿತು. ಅಪ್ಪ ಕಣ್ಣು ಮುಚ್ಚಿ ಹುಡುಗಿಯಾದ, ದನಿ ಅರ್ಧ ಮೆಟ್ಟಿಲು ಹತ್ತಿತು, ಒಡೆಯಿತು.

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ಕಾಕಾನ ಬೆರಳು ನಿಂತಿತು. ಅಪ್ಪ ಕಣ್ಣು ತೆರೆದ. ಈಗ ಜಿಗಿಯುತ್ತಾನೆ, ಮೈಕು ಹಿಡಿದುಕೊಂಡು ಮನೆಗೆ ನಡೆಯುತ್ತಾನೆ ಎಂದುಕೊಂಡೆ. ಮನೆ ಎರಡೇ ಬಾಗಿಲ ಆಚೆ ಇತ್ತು, ಬಸ್ಸು ಕೂಡ ಬೇಕಿರಲಿಲ್ಲ.

ಅಪ್ಪ ಜಿಗಿಯಲಿಲ್ಲ. ಒಡೆದ ದನಿಯನ್ನು ಹಾಗೇ ಒಡೆದೇ ಇಟ್ಟುಕೊಂಡು, ಸೊಂಟಕ್ಕೆ ಕೈಯಿಟ್ಟು, ಅದೇ ರಾಗದಲ್ಲಿ ಉತ್ತರ ಕೊಟ್ಟ:

"ಬಾವಿಗಿ ಎಲ್ಲಿ ಬರ್ಲೋ, ಮೊಣಕಾಲ ಹಿಡದಾವ! ನೀನ ತುಂಬಕೊಂಡ ಬಾ!"

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಓಣಿ ಅನ್ನುವ ಓಣಿಯೇ ಸಿಡಿಯಿತು. ಅಪ್ಪ ಹುಡುಗನ ದನಿಯಲ್ಲಿ ಮತ್ತೆ ಕರೆದ, ಮಲ್ಲಿಗೆ ತಂದೀನಿ ಬಾ ಎಂದ. ಒಡಕು ದನಿ ಹೇಳಿತು, "ಮಲ್ಲಿಗಿ ನೀನ ಮುಡಕೋ, ಬರ್ತಾ ಕೊತ್ತಂಬರಿ ತಾ!" ಹಾಡಿನ ಹುಡುಗ ಹುಡುಗಿ ಇಷ್ಟು ವರ್ಷ ಅದೇ ಬಾವಿಯ ಹತ್ತಿರ ನಿಂತು ಮುದುಕರಾಗಿದ್ದರು, ಈಗ ಜಗಳಕ್ಕೆ ಬಿದ್ದಿದ್ದರು. ಬೆಂಜೋ ಕಾಕಾ ನಗುತ್ತಲೇ ಒಡಕು ದನಿಗೆ ಹೊಂದುವಂತೆ ತಂತಿಯನ್ನು ಕಿರುಗುಟ್ಟಿಸಿದರು. ಹೆಂಗಸರು "ವನ್ಸ್ ಮೋರ್" ಎಂದರು. ಗೆಳತಿ ಮೊಬೈಲನ್ನು ಜೇಬಿಗೆ ಹಾಕಿ ಕುಣಿಯತೊಡಗಿದಳು. ನಿಪ್ಪಾಣಿಯವರೆಗೆ ಧೂಳು ಎದ್ದಿತು ಎಂದರೆ ನೀವೇ ಲೆಕ್ಕ ಹಾಕಿ.

ನನಗೆ ಉಸಿರು ಹಗುರಾಯಿತು. ಎದೆಯ ಮೇಲಿಂದ ಯಾರೋ ಗೊಬ್ಬರದ ಚೀಲ ಇಳಿಸಿದ ಹಾಗೆ. ಹಳೆಯ ದಿನಗಳಲ್ಲಿ ಈ ಹಾಡು ಹೀಗೆ ಇರಲೇ ಇಲ್ಲ. ರಾಯಬಾಗದಲ್ಲಿ ಅತ್ತಿದ್ದ ಆ ಅಜ್ಜ ಬಂದಿದ್ದರೂ ಇದರಲ್ಲಿ ನೆನಸಿಕೊಳ್ಳಲು ಅವನಿಗೆ ಏನೂ ಸಿಗುತ್ತಿರಲಿಲ್ಲ. ಹರೆಯದಲ್ಲಿ ಇವರಿಗೆ ಇದು ಬರುತ್ತಲೂ ಇರಲಿಲ್ಲ. ದನಿ ಒಡೆಯಬೇಕು, ಮೊಣಕಾಲು ಹಿಡಿಯಬೇಕು, ಒಂದು ಮಾತು ತಪ್ಪು ಕೇಳಿ ವರ್ಷಗಟ್ಟಲೆ ಮುನಿಸಿಕೊಂಡು ಕೂರಬೇಕು. ಪರದೇಶದ ಮುದುಕರ ಸುದ್ದಿ ನನಗೆ ಗೊತ್ತಿಲ್ಲ. ನಮ್ಮ ಮುದುಕರು ಹಿಂದಕ್ಕೆ ಹೋಗಲು ಟ್ರ್ಯಾಲಿ ಹತ್ತಿ, ದಾರಿ ತಪ್ಪಿ ಮುಂದಕ್ಕೆ ಬಂದಿದ್ದರು.

ಅಪ್ಪ ಕೈ ತಿರುವಿ, ಕುತ್ತಿಗೆ ಕೊಂಕಿಸಿ, ಮೂರನೇ ಸಾಲಿನ ಬೈಗುಳ ಶುರುಮಾಡಿದ್ದ. ಅಷ್ಟರಲ್ಲಿ ಕುಣಿಯುವವರು ಒಬ್ಬೊಬ್ಬರಾಗಿ ನಿಂತು ದಾರಿ ಬಿಟ್ಟರು. ಆಯಿ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು. ಟ್ರ್ಯಾಲಿಯ ಮುಂದೆ ನಿಂತು ಮಗನನ್ನು ನೋಡಿದಳು. ಬೆಂಜೋ ನಿಂತಿತು. ಡ್ರಮ್ ಒಂದು ಪೆಟ್ಟು ತಡವಾಗಿ ನಿಂತಿತು.

"ಲೇ," ಎಂದಳು ಆಯಿ, ಥೇಟು ಅದೇ ಒಡಕು ದನಿಯಲ್ಲಿ, "ಅದು ನನ್ನ ದನಿ ಐತಿ. ಯಾರನ್ನ ಕೇಳಿ ತಗೊಂಡಿ?"

ಅಪ್ಪ ಮೈಕನ್ನು ಬೆನ್ನ ಹಿಂದೆ ಅಡಗಿಸಿದ.

"ಒಳಗ ಅಕ್ಷತಿ ಬೀಳೂ ಹೊತ್ತಾಗೈತಿ, ಮದುಮಗಾ ಬಿಸಿಲಾಗ ನಿಂತಾನ. ಇಳಿ ಕೆಳಗ."

ಮೀಸೆಯ ಎರಡು ತುದಿಗಳೂ ಎರಡು ತಾಲ್ಲೂಕುಗಳಿಂದ ವಾಪಸ್ ಬಂದವು. "ಹೂಂ ಬೇ ಯವ್ವಾ," ಎಂದು ಅಪ್ಪ ಇಳಿದ.